ಬಿಸ್ಕತ್ತಿಗೆ ಗ್ರಾಮಿನ ಲೆಕ್ಕ, ತಾರಸಿಗೆ?

2024ರ ಜೂನ್ ಕೊನೆಯ ವಾರ ನಮ್ಮ ಮನೆಯಲ್ಲಿ ಎರಡು ಸಂಗತಿ ನಡೆದವು. ಒಂದು, ಹಾಲಿನ ಪೊಟ್ಟಣಕ್ಕೆ ಎರಡು ರೂಪಾಯಿ ಜಾಸ್ತಿಯಾಯಿತು. ಇನ್ನೊಂದು, ಆರಿದ್ರಾ ಮಳೆ ಹಿಡಿದ ಮೂರನೇ ದಿನ ನಡುಮನೆಯ ಫ್ಯಾನಿನ ಕೊಕ್ಕೆಯ ಸುತ್ತ ದೋಸೆ ಕಾವಲಿಯಷ್ಟು ಅಗಲದ ಕಂದು ಕಲೆ ಮೂಡಿತು. ಹಾಲಿನ ಎರಡು ರೂಪಾಯಿಯನ್ನು ಮನೆಯೊಳಗೆ, ಎದುರು ಮನೆಯವರ ಗೇಟಿನ ಹತ್ತಿರ, ಹಾಲಿನ ಬೂತಿನ ಮುಂದೆ ಎಂದು ಮೂರು ದಿನ ಚರ್ಚಿಸಿದೆವು. ಕಲೆಯ ವಿಷಯ ಹತ್ತು ನಿಮಿಷದಲ್ಲಿ ಮುಗಿಯಿತು. ಮೇಸ್ತ್ರಿಯೊಬ್ಬರು ಬಂದರು, ತಾರಸಿ ಹತ್ತಿ ಇಳಿದರು, "ಒಟ್ಟು ನಲವತ್ತೈದು ಸಾವಿರ ಆಗ್ತದೆ ಸಾರ್" ಅಂದರು. ನಾನು ಹದಿನೈದು ಸಾವಿರ ಅಡ್ವಾನ್ಸ್ ಕೊಟ್ಟೆ.

ಯಾತಕ್ಕೆ ನಲವತ್ತೈದು, ಯಾವ ಸಾಮಾನು, ಎಷ್ಟು ಸಾಮಾನು ಎಂದು ಕೇಳಬೇಕು ಅಂತಲೇ ಹೊಳೆಯಲಿಲ್ಲ. ದಿನಕ್ಕೆ ಎರಡು ರೂಪಾಯಿಯಂತೆ ಹಾಲಿಗೆ ನಲವತ್ತೈದು ಸಾವಿರ ಹೆಚ್ಚು ಸುರಿಯಬೇಕಾದರೆ ಅರವತ್ತೊಂದು ವರ್ಷ ದಾಟಬೇಕು. ಅಷ್ಟು ಹಣವನ್ನು ನಾನು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಒಪ್ಪಿಕೊಂಡಿದ್ದೆ.

ಇದನ್ನು ನನ್ನ ದಡ್ಡತನ ಅಂತ ಬಿಟ್ಟುಬಿಡಬಹುದು. ಮನೆಯಲ್ಲಿ ಹಾಗೇ ತೀರ್ಮಾನವಾಗಿದೆ. ಆದರೆ ಕೇಳಿದ ಕಡೆಯೆಲ್ಲ ಇದೇ ಕಥೆ. ಕೊತ್ತಂಬರಿ ಕಟ್ಟಿಗೆ ಹತ್ತು ಹೆಚ್ಚಾಯಿತು ಎಂದು ಮುಂದಿನ ಗಾಡಿಗೆ ಹೋಗುವವರೇ ಬಚ್ಚಲುಮನೆ ಟೈಲ್ಸ್ ಬದಲಾಯಿಸುವಾಗ ಇಪ್ಪತ್ತು ಸಾವಿರ ಅತ್ತಿತ್ತ ಆದರೂ ಸುಮ್ಮನಿರುತ್ತಾರೆ. ಕೊಳ್ಳುವ ವಸ್ತುವಿನ ಸ್ವಭಾವದಲ್ಲೇ ಏನೋ ಬದಲಾಗುತ್ತದೆ. ಅದೇನು ಅಂತ ನೋಡಲು ಹಾಲಿನಿಂದಲೇ ಶುರು ಮಾಡುವುದು ಸುಲಭ.

ಆ ಜೂನ್ 26ರಿಂದ ನಂದಿನಿ ಹಾಲಿನ ಪ್ರತಿ ಪೊಟ್ಟಣದಲ್ಲೂ 50 ಎಂ.ಎಲ್. ಹೆಚ್ಚು ಹಾಲು, 2 ರೂಪಾಯಿ ಹೆಚ್ಚು ಬೆಲೆ. 22 ರೂಪಾಯಿಯ ಅರ್ಧ ಲೀಟರ್ ಪೊಟ್ಟಣ 550 ಎಂ.ಎಲ್. ಆಗಿ 24 ರೂಪಾಯಿಗೆ ಬಂತು. 42 ರೂಪಾಯಿಯ ಲೀಟರ್ ಪೊಟ್ಟಣ 1,050 ಎಂ.ಎಲ್. ಆಗಿ 44ಕ್ಕೆ. ಇದು ದರ ಏರಿಕೆಯೇ ಅಲ್ಲ ಎಂದಿತು ಸರ್ಕಾರ. ಏರಿಕೆ ಅಲ್ಲದಿದ್ದರೆ ನನ್ನ ಜೇಬಿಂದ ಎರಡು ರೂಪಾಯಿ ಎಲ್ಲಿಗೆ ಹೋಯಿತು ಎಂದರು ಜನ. ಲೆಕ್ಕ ಹಾಕಿದರೆ ಇಬ್ಬರ ಮಾತೂ ಸರಿ. ಚಿಕ್ಕ ಪೊಟ್ಟಣದ ಲೆಕ್ಕದಲ್ಲಿ ಲೀಟರಿಗೆ 44 ಇದ್ದದ್ದು 43 ರೂಪಾಯಿ 64 ಪೈಸೆಗೆ ಇಳಿದಿತ್ತು. ದರ ಏರಲಿಲ್ಲ, ಖರ್ಚು ಏರಿತು. ನಮಗೆ ಬೇಡದಿದ್ದರೂ ದಿನಾ 50 ಎಂ.ಎಲ್. ಹೆಚ್ಚು ಕೊಳ್ಳುವಂತಾಯಿತು, ಅಷ್ಟೆ. ಮುಂದೆ 2025ರ ಏಪ್ರಿಲ್ 1ರಂದು ಲೀಟರಿಗೆ 4 ರೂಪಾಯಿ ಏರಿಸಿ, ಆ ಹೆಚ್ಚುವರಿ 50 ಎಂ.ಎಲ್. ಹಿಂದಕ್ಕೆ ತೆಗೆದುಕೊಂಡಾಗ ಏರಿದ್ದು ನಿಜವಾದ ದರ.

ಬೆಲೆ, ದರ, ಖರ್ಚು. ಮಾತಿನಲ್ಲಿ ಮೂರನ್ನೂ ಒಂದರ ಜಾಗದಲ್ಲಿ ಒಂದು ಬಳಸುತ್ತೇವೆ. ಬೆಲೆ ಅಂದರೆ ಪೊಟ್ಟಣದ ಮೇಲಿನ ಅಂಕಿ. ದರ ಅಂದರೆ ಒಂದು ಅಳತೆಗೆ ಬೀಳುವ ಹಣ. ಖರ್ಚು ಅಂದರೆ ತಿಂಗಳ ಕೊನೆಗೆ ಜೇಬಿನಿಂದ ಹೋದದ್ದು. ಕಣ್ಣಿಗೆ ಬೀಳುವುದು ಬೆಲೆ ಮಾತ್ರ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ಐದು ರೂಪಾಯಿ ಬಿಸ್ಕತ್ತನ್ನೇ ನೋಡಿ. ಗೋಧಿ, ಸಕ್ಕರೆ, ಎಣ್ಣೆ ಎಲ್ಲದರ ರೇಟೂ ಏರಿದೆ, ಪೊಟ್ಟಣ ಮಾತ್ರ ಐದರಲ್ಲೇ ಕೂತಿದೆ. ಕಾರಣ ಸರಳ: ಐದು ರೂಪಾಯಿ ಒಂದು ನಾಣ್ಯ. ಆರು ಮಾಡಿದರೆ ಒಂದೇ ಸಲಕ್ಕೆ ಶೇ 20 ಏರಿಸಿದಂತೆ, ಮೇಲಾಗಿ ಅಂಗಡಿಯವನ ಹತ್ತಿರ ಚಿಲ್ಲರೆ ಇರುವುದಿಲ್ಲ. ಅದಕ್ಕೇ ಕಂಪನಿ ಬೆಲೆ ಮುಟ್ಟುವುದಿಲ್ಲ, ತೂಕ ಕರಗಿಸುತ್ತದೆ. 55 ಗ್ರಾಂ ಇದ್ದದ್ದು 50 ಗ್ರಾಂ ಆಯಿತು ಅನ್ನಿ, ಐದು ರೂಪಾಯಿ ಹಾಗೇ ಇದೆ. ಆದರೆ ದರ ಶೇ 10 ಏರಿತು. ಬಿಸ್ಕತ್ತು ಒಂದು ಕಡಿಮೆಯಾದದ್ದು ಚಹಾದಲ್ಲಿ ಅದ್ದುವ ಎಷ್ಟೋ ಜನಕ್ಕೆ ಗೊತ್ತೂ ಆಗುವುದಿಲ್ಲ.

ಇದಕ್ಕೆ ಕಾನೂನಿನಲ್ಲಿ ಒಂದು ಮದ್ದು ಇದೆ, ಬಳಸುವವರು ಕಡಿಮೆ. ಮೊದಲು ಬಿಸ್ಕತ್ತು, ಚಹಾ, ಕಾಫಿಯಂಥ ಕೆಲವು ಪದಾರ್ಥಗಳಿಗೆ ಇಂತಿಂಥ ತೂಕ ಎಂಬ ಪಟ್ಟಿ ಪೊಟ್ಟಣ ಸರಕಿನ ನಿಯಮಗಳಲ್ಲಿತ್ತು. 2021ರ ತಿದ್ದುಪಡಿಯಲ್ಲಿ ಆ ಪಟ್ಟಿ ಕೈಬಿಟ್ಟು, ಬದಲಿಗೆ ಬಿಡಿ ದರ ಅಚ್ಚು ಹಾಕುವುದನ್ನು ಕಡ್ಡಾಯ ಮಾಡಿದರು. ಒಂದು ಕೆ.ಜಿ.ಗಿಂತ ಕಡಿಮೆ ಇದ್ದರೆ ಗ್ರಾಮಿಗೆ ಎಷ್ಟು, ಹೆಚ್ಚಿದ್ದರೆ ಕೆ.ಜಿ.ಗೆ ಎಷ್ಟು ಎಂದು ಎಂ.ಆರ್.ಪಿ. ಆಸುಪಾಸಿನಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ. ಒಮ್ಮೆ ಕನ್ನಡಕ ಹಾಕಿಕೊಂಡು ಅದನ್ನು ಓದಲು ಶುರು ಮಾಡಿ. ದೊಡ್ಡದು ಕೊಂಡರೆ ಅಗ್ಗ ಎಂಬ ನಂಬಿಕೆ ಎಷ್ಟೋ ಕಡೆ ಉರುಳಿ ಬೀಳುತ್ತದೆ. ಶಾಂಪೂವಿನಲ್ಲಂತೂ ಹಲವು ಸಲ ಬಾಟಲಿಗಿಂತ ಒಂದು ರೂಪಾಯಿಯ ಪೌಚೇ ಅಗ್ಗ ಬೀಳುತ್ತದೆ.

2025ರ ಸೆಪ್ಟೆಂಬರ್ 22ರಂದು ಬಿಸ್ಕತ್ತಿನ ಜಿ.ಎಸ್.ಟಿ. ಶೇ 18ರಿಂದ 5ಕ್ಕೆ ಇಳಿಯಿತಲ್ಲ, ಆಗ ಇನ್ನೊಂದು ತಮಾಷೆ. ಐದು ರೂಪಾಯಿಯಲ್ಲಿ ಶೇ 18 ತೆರಿಗೆ ಕಳೆದರೆ ಉಳಿಯುವುದು 4 ರೂಪಾಯಿ 24 ಪೈಸೆ. ಅದಕ್ಕೆ ಶೇ 5 ಸೇರಿಸಿದರೆ 4 ರೂಪಾಯಿ 45 ಪೈಸೆ. ಐವತ್ತೈದು ಪೈಸೆ ವಾಪಸ್ ಕೊಡಲು ಯಾವ ಅಂಗಡಿಯಲ್ಲೂ ನಾಣ್ಯವಿಲ್ಲ. ಈ ಲಾಭ ನಮ್ಮ ಕೈಗೆ ಬರಬೇಕೆಂದರೆ ಬೆಲೆಯ ಮೂಲಕ ಬರುವುದು ಕಷ್ಟ, ಗ್ರಾಮಿನ ಮೂಲಕವೇ ಬರಬೇಕು. ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಮತ್ತೆ ಆ ಸಣ್ಣ ಅಕ್ಷರವೇ ಗತಿ.

ಸಿಹಿ ಅಂಗಡಿಯ ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕಾಲು ಕೆ.ಜಿ. ಮೈಸೂರುಪಾಕು ಕೇಳಿದರೆ ಮೊದಲು ರಟ್ಟಿನ ಡಬ್ಬ ತಕ್ಕಡಿಯ ಮೇಲೆ ಕೂರುತ್ತದೆ, ಆಮೇಲೆ ಪಾಕು. ಡಬ್ಬ 80 ಗ್ರಾಂ ತೂಗಿದರೆ, ಕೆ.ಜಿ.ಗೆ 600ರ ಲೆಕ್ಕದಲ್ಲಿ 48 ರೂಪಾಯಿಯ ರಟ್ಟು ತಿಂದಂತೆ. ಹೀಗೆ ತೂಗುವುದು ತಪ್ಪು. ತೂಕ ಅಂದರೆ ಪದಾರ್ಥದ ತೂಕವೇ. "ಡಬ್ಬ ಇಟ್ಟು ಸೊನ್ನೆ ಮಾಡಿ" ಅಂದರೆ ಸಾಕು, ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಒಂದು ಗುಂಡಿ ಒತ್ತುವ ಕೆಲಸ. ತಂಪು ಪಾನೀಯಕ್ಕೆ ಅಂಗಡಿಯವರು ಎಂ.ಆರ್.ಪಿ. ಮೇಲೆ ಕೇಳುವ 'ಕೂಲಿಂಗ್ ಚಾರ್ಜ್' ಕೂಡ ಹಾಗೇ, ಕೊಡಬೇಕಾಗಿಲ್ಲ. ಎರಡಕ್ಕೂ ದೂರು ಕೊಡುವ ಜಾಗ ಕಾನೂನು ಮಾಪನಶಾಸ್ತ್ರ ಇಲಾಖೆ. (ಈ ಸಣ್ಣ ಖರೀದಿಗಳ ಲೋಕದಲ್ಲಿ ಗಿರಾಕಿಯ ಪರ ಇರುವ ಒಂದೇ ಅಳತೆ ನನಗೆ ಗೊತ್ತಿರುವಂತೆ ಬೈ-ಟೂ ಕಾಫಿ. ಎರಡು ಅರ್ಧ ಸೇರಿದರೆ ಒಂದಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ.)

ನೋಡಿ ಕೊಳ್ಳುವುದು, ತಿಂದು ತಿಳಿಯುವುದು, ನಂಬಿ ಕೊಡುವುದು

ಸಣ್ಣ ಖರೀದಿಯಲ್ಲಿ ಮೋಸ ಇಲ್ಲ ಅಂತಲ್ಲ. ಇದ್ದರೂ ಬೇಗ ಗೊತ್ತಾಗುತ್ತದೆ, ನಾಳೆ ಅಂಗಡಿ ಬದಲಾಯಿಸಬಹುದು. ಅರ್ಥಶಾಸ್ತ್ರಜ್ಞರು ಇದನ್ನೇ ವಿಂಗಡಿಸಿ ಇಟ್ಟಿದ್ದಾರೆ. 1970ರಲ್ಲಿ ಫಿಲಿಪ್ ನೆಲ್ಸನ್ ಎಂಬುವರು ಕೊಳ್ಳುವ ವಸ್ತುಗಳನ್ನು ಎರಡು ಬಗೆ ಮಾಡಿದರು. ಕೊಳ್ಳುವ ಮೊದಲೇ ನೋಡಿ ಗುಣ ತಿಳಿಯಬಹುದಾದವು ಒಂದು. ಕೊಂಡು ಬಳಸಿದ ಮೇಲಷ್ಟೇ ತಿಳಿಯುವವು ಇನ್ನೊಂದು. ಕೊತ್ತಂಬರಿ ಮೊದಲನೆಯ ಜಾತಿ, ಬೇಕರಿಯ ಖಾರಾ ಬನ್ನು ಎರಡನೆಯದು. ಮೂರು ವರ್ಷದ ನಂತರ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಮೂರನೇ ಬಗೆಯೊಂದಿದೆ ಎಂದರು. ಕೊಂಡು ಬಳಸಿದ ಮೇಲೂ ಅದು ಬೇಕಿತ್ತೋ ಇಲ್ಲವೋ, ಸರಿಯಾಗಿ ಆಯಿತೋ ಇಲ್ಲವೋ ಎಂದು ನಮಗೆ ಖಾತ್ರಿಯಾಗದ ಸರಕು ಅದು. ಅವರು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡದ್ದು ರಿಪೇರಿಯನ್ನೇ.

ಕಾರಣ ಇಷ್ಟು: ರಿಪೇರಿಯಲ್ಲಿ ರೋಗ ಹೇಳುವವನೂ ಅವನೇ, ಔಷಧ ಮಾರುವವನೂ ಅವನೇ. ಮೇಸ್ತ್ರಿ ತಾರಸಿ ಹತ್ತಿ "ಪೂರ್ತಿ ಹೋಗಿದೆ ಸಾರ್" ಅಂದರೆ ನಾನು ಯಾವ ಬಾಯಲ್ಲಿ ಇಲ್ಲ ಅನ್ನಲಿ? ಸೋರದಂತೆ ಬಳಿದ ಕೆಮಿಕಲ್ಲಿನ ಮೇಲೆ ಸಿಮೆಂಟು ಬಂದು ಕೂತರೆ ಒಳಗೆ ಏನಿದೆ ಎಂದು ಒಡೆಯದೆ ತಿಳಿಯುವುದಿಲ್ಲ. ಸೋರುವುದು ನಿಂತರೂ, ಅವನ ಕೆಲಸದಿಂದ ನಿಂತಿತೋ ಮಳೆ ನಿಂತದ್ದರಿಂದ ನಿಂತಿತೋ?

ಹಳ್ಳಿಯ ನಮ್ಮ ಅಜ್ಜನ ಮನೆಗೆ ಮಂಗಳೂರು ಹಂಚು ಹೊದೆಸಿತ್ತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಕಾರ್ಖಾನೆ ಹಾಕಿದ ಮೇಲೆ ಮಲೆನಾಡು, ಕರಾವಳಿಯ ತುಂಬ ಹರಡಿದ ಕೆಂಪು ಹಂಚು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಬೇಕು: ಎಲ್ಲ ತೆಗೆದು, ಕಸ ಗುಡಿಸಿ, ಒಡೆದದ್ದು ಬದಲಾಯಿಸಿ, ಮತ್ತೆ ಹೊದೆಸುವುದು. ರೇಜಿಗೆಯ ಕೆಲಸ. ಆದರೆ ವರ್ಷವೂ ಮಾಡಿಸುತ್ತಿದ್ದರಿಂದ ಎಷ್ಟು ಆಳು, ಎಷ್ಟು ಹಂಚು, ಎಷ್ಟು ಕೂಲಿ ಎಂಬುದು ಊರಿನ ಮಕ್ಕಳಿಗೂ ಗೊತ್ತಿತ್ತು. ಒಡೆದ ಹಂಚು ಕೆಳಗೆ ನಿಂತವರಿಗೂ ಕಾಣುತ್ತಿತ್ತು, ಬೆಳಕಿನ ಕೋಲು ನೆಲದ ಮೇಲೆ ಬೀಳುತ್ತಿತ್ತಲ್ಲ. ಅಂದರೆ ಸೂರಿನ ರಿಪೇರಿಯೂ ಒಂದು ಥರದ ಕೊತ್ತಂಬರಿ ಸೊಪ್ಪೇ ಆಗಿತ್ತು. ಮೋಲ್ಡ್ ಮನೆ, ಅಂದರೆ ಕಾಂಕ್ರೀಟು ತಾರಸಿಯ ಮನೆ, ಬಂತು. ವರ್ಷದ ರೇಜಿಗೆ ತಪ್ಪಿತು. ಅದರ ಜೊತೆಗೇ ರೇಟು ಗೊತ್ತಿರುವುದೂ ತಪ್ಪಿತು. ಹತ್ತು ವರ್ಷಕ್ಕೊಮ್ಮೆ ಕೊಳ್ಳುವ ಸರಕಿನ ದರ ನನಗೆ ಹೇಗೆ ಗೊತ್ತಿರಬೇಕು? ದಿನಾ ಮಾರುವವನಿಗೆ ಗೊತ್ತಿರುತ್ತದೆ.

ಇದರ ಜೊತೆಗೆ ನಮ್ಮ ತಲೆಯದೇ ಒಂದು ಚಾಳಿ. ಏಮೊಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1981ರಲ್ಲಿ ಪ್ರಕಟಿಸಿದ ಒಂದು ಪ್ರಶ್ನೆ ಹೀಗಿತ್ತು. ನೀವು 15 ಡಾಲರಿನ ಕ್ಯಾಲ್ಕುಲೇಟರ್ ಕೊಳ್ಳುತ್ತಿದ್ದೀರಿ. ಇಪ್ಪತ್ತು ನಿಮಿಷ ದೂರದ ಇನ್ನೊಂದು ಅಂಗಡಿಯಲ್ಲಿ ಅದೇ 10 ಡಾಲರಿಗೆ ಸಿಗುತ್ತದೆ, ಹೋಗುತ್ತೀರಾ? ಶೇ 68 ಜನ ಹೋಗುತ್ತೇವೆ ಎಂದರು. ಇನ್ನೊಂದು ಗುಂಪಿಗೆ ಅದೇ ಐದು ಡಾಲರ್ ಉಳಿತಾಯ, ಆದರೆ ವಸ್ತುವಿನ ಬೆಲೆ 125. ಹೋಗುತ್ತೇವೆ ಎಂದವರು ಶೇ 29. ಉಳಿಯುವ ಹಣ ಅಷ್ಟೇ, ಹೋಗುವ ದಾರಿಯೂ ಅಷ್ಟೇ. ನಾವು ರೂಪಾಯಿ ಎಣಿಸುವುದಿಲ್ಲ, ಶೇಕಡಾ ಎಣಿಸುತ್ತೇವೆ. ನಲವತ್ತೈದು ಸಾವಿರದ ಪಕ್ಕದಲ್ಲಿ ಐದು ಸಾವಿರ ಚಿಲ್ಲರೆಯ ಹಾಗೆ ಕಾಣುತ್ತದೆ. ಅದೇ ಐದು ಸಾವಿರ ಸೊಪ್ಪಿನ ಗಾಡಿಯ ಮುಂದೆ ನೆನಪಾದರೆ ಎದೆ ಧಸಕ್ ಅನ್ನಬೇಕು.

ಒಂದು ಬಕೆಟ್ಟಿನ ಕಥೆ

ಆ ಮೇಸ್ತ್ರಿ ಮಳೆ ಬಿಟ್ಟು ಬಿಸಿಲು ಬಿದ್ದ ಮೂರು ದಿನದಲ್ಲಿ ಕೆಲಸ ಮುಗಿಸಿದರು. ತಾರಸಿ ಬೆಳ್ಳಗೆ ಹೊಳೆಯಿತು. ಆಶ್ಲೇಷ ಮಳೆ ಹೊತ್ತಿಗೆ ಕಲೆ ವಾಪಸ್ ಬಂತು, ಈ ಸಲ ಕಾವಲಿಯಿಂದ ಹರಿವಾಣಕ್ಕೆ ಬಡ್ತಿ ಪಡೆದು. ಫೋನ್ ಮಾಡಿದರೆ ಮೊದಲ ಎರಡು ದಿನ "ನಾಳೆ ಬರ್ತೀನಿ ಸಾರ್", ಆಮೇಲೆ ಬರೀ ರಿಂಗು.

ಮಳೆಗಾಲ ಕಳೆದ ಮೇಲೆ ನನ್ನ ಹೆಂಡತಿ ತಾರಸಿ ಮೂಲೆಯಲ್ಲಿ ಬಿದ್ದಿದ್ದ ಕೆಮಿಕಲ್ಲಿನ ಖಾಲಿ ಬಕೆಟ್ ತೊಳೆದು, ಗಿಡಕ್ಕೆ ಇಡೋಣ ಎಂದು ಕೆಳಗೆ ತಂದಳು. ಅದರ ಮೈಮೇಲೆ ಅಚ್ಚಾಗಿದ್ದನ್ನು ಓದಿ, "ರೀ, ನಮ್ಮ ತಾರಸಿ ಎಷ್ಟು ಚದರ?" ಅಂದಳು. ಒಂಬತ್ತು ಚದರ. ನಮ್ಮ ಕಡೆ ಒಂದು ಚದರ ಅಂದರೆ ನೂರು ಚದರಡಿ, ಹಾಗಾಗಿ 900 ಚದರಡಿ. ಬಕೆಟ್ಟಿನ ಮೇಲೆ ಇದ್ದದ್ದು: ಎರಡು ಸಲ (ಎರಡು ಕೋಟು) ಬಳಿದರೆ, ಲೀಟರಿಗೆ 20ರಿಂದ 25 ಚದರಡಿ. ಅಂದರೆ ನಮ್ಮ ತಾರಸಿಗೆ ಕಡಿಮೆ ಅಂದರೂ 36 ಲೀಟರ್ ಬೇಕಿತ್ತು, 45 ಇದ್ದರೆ ನೆಮ್ಮದಿ. ಬಕೆಟ್ 20 ಲೀಟರಿನದು. ಮೇಸ್ತ್ರಿ ತಂದದ್ದು ಒಂದೇ ಬಕೆಟ್. ಉಳಿದದ್ದು ನಮ್ಮ ಸಂಪಿನ ನೀರು.

ಐದು ರೂಪಾಯಿಯ ಪೊಟ್ಟಣದಲ್ಲಿ ಒಂದು ಬಿಸ್ಕತ್ತು ಕಡಿಮೆಯಾದರೆ ಗೊಣಗುವ ನಾನು, ನಲವತ್ತೈದು ಸಾವಿರದ ಪೊಟ್ಟಣದಲ್ಲಿ ಅರ್ಧಕ್ಕರ್ಧ ಸರಕೇ ಇಲ್ಲದ್ದನ್ನು ನೋಡಿರಲಿಲ್ಲ. ಬಿಸ್ಕತ್ತಿನ ಮೇಲೆ ತೂಕ ಅಚ್ಚು ಹಾಕಿರಬೇಕು ಎಂಬ ಕಾನೂನಿದೆ. ಮೇಸ್ತ್ರಿಯ ಬಾಯಿಮಾತಿನ ಮೇಲೆ ಏನೂ ಅಚ್ಚಾಗಿರುವುದಿಲ್ಲ, ನಾವೇ ಹಾಕಿಸಬೇಕು.

ಎರಡನೇ ಸಲ ಹಾಗೇ ಮಾಡಿದೆವು. ಮೊದಲ ಹೆಜ್ಜೆ, ರೋಗ ಹೇಳುವವನನ್ನೂ ಔಷಧ ಮಾರುವವನನ್ನೂ ಬೇರೆ ಮಾಡುವುದು. ಪರಿಚಯದ ಸಿವಿಲ್ ಎಂಜಿನಿಯರೊಬ್ಬರಿಗೆ ಬಂದು ನೋಡುವುದಕ್ಕಷ್ಟೇ ಸಾವಿರದೈನೂರು ಕೊಟ್ಟೆವು. ಕೆಲಸ ಅವರು ಮಾಡಿಸುವಂತಿಲ್ಲ. ಇಡೀ ವ್ಯವಹಾರದಲ್ಲಿ ಅಷ್ಟು ಸಾರ್ಥಕವಾದ ಹಣ ಇನ್ನೊಂದಿಲ್ಲ. ಅವರು ಹೇಳಿದ ಮೊದಲ ಮಾತು: ಕಲೆ ಇರುವ ಕಡೆಯೇ ತೂತು ಇರಬೇಕಿಲ್ಲ. ನೀರು ಮೋಲ್ಡಿನ ಒಳಗೆ ಸಂದಿ ಹಿಡಿದು, ವೈರಿನ ಪೈಪು ಸಿಕ್ಕರೆ ಅದರಲ್ಲೇ ಹರಿದು, ಎಲ್ಲಿ ಬಾಯಿ ಸಿಗುತ್ತದೋ ಅಲ್ಲಿ ಇಳಿಯುತ್ತದೆ. ಫ್ಯಾನಿನ ಕೊಕ್ಕೆ ಅಂಥ ಬಾಯಿ. (ಅಲ್ಲಿ ನೀರಿಳಿದರೆ ಫ್ಯಾನಿನ ಸ್ವಿಚ್ ಹಾಕಬೇಡಿ, ಮೀಟರ್ ಬೋರ್ಡಿನಲ್ಲಿ ಆ ಲೈನಿನ ಕರೆಂಟು ಕಡಿಯುವ ಸ್ವಿಚ್ಚು, ಎಂ.ಸಿ.ಬಿ., ಇಳಿಸಿ.) ಮಳೆ ಇಲ್ಲದ ತಿಂಗಳಲ್ಲೂ ಕಲೆ ಬೆಳೆಯುತ್ತಿದ್ದರೆ ಅದು ತಾರಸಿಯ ನೀರಲ್ಲ, ಪೈಪೋ, ಟ್ಯಾಂಕೋ, ಮೇಲಿನ ಬಚ್ಚಲೋ ನೋಡಬೇಕು. ಅದಕ್ಕೆ ಸುಲಭದ ಉಪಾಯ, ಕಲೆಯ ಅಂಚಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ತಾರೀಖು ಬರೆಯುವುದು.

ನಮ್ಮಲ್ಲಿ ನಿಜವಾದ ತೊಂದರೆ ಇದ್ದದ್ದು ಎರಡು ಕಡೆ. ತಾರಸಿಯ ಸುತ್ತಲಿನ ಪ್ಯಾರಾಪೆಟ್ ಗೋಡೆ ಮೋಲ್ಡಿಗೆ ಕೂಡುವ ಮೂಲೆಯಲ್ಲಿ ಉದ್ದಕ್ಕೂ ಕೂದಲೆಳೆಯ ಬಿರುಕು. ಎರಡನೆಯದು, ನೀರು ಹೋಗಲು ವಾಟವೇ ಸರಿಯಿಲ್ಲ. ಅಗಲವಾದ ಒಂದು ತಗ್ಗಿನಲ್ಲಿ ಮಳೆ ನಿಂತ ಎರಡು ದಿನಕ್ಕೂ ನೀರು ನಿಂತಿರುತ್ತಿತ್ತು. ಇಳಿಜಾರಿಲ್ಲದ ಕಡೆ ಯಾವ ಕೆಮಿಕಲ್ ಬಳಿದರೂ ಅದು ಕೆರೆಗೆ ಬಳಿದ ಬಣ್ಣ.

ಹೋಗಲಿ ಬಿಡು, ನಾಲ್ಕು ಹನಿ ತಾನೆ, ಬಕೆಟ್ ಇಟ್ಟರಾಯಿತು ಎಂದು ಬಿಡುವವರೂ ಇದ್ದಾರೆ. ಅದು ದುಬಾರಿ ಬೀಳುವುದು ಏಕೆಂದರೆ, ಕಾಂಕ್ರೀಟಿನ ಒಳಗೆ ಕಬ್ಬಿಣ ಇದೆ. ಹೊಸ ಕಾಂಕ್ರೀಟು ತೀವ್ರ ಕ್ಷಾರ. ಅದರೊಳಗಿರುವ ತನಕ ಸರಳಿನ ಮೈಮೇಲೆ ತೆಳುವಾದ ಒಂದು ಪೊರೆ ಕಟ್ಟಿಕೊಂಡು ತುಕ್ಕು ಹಿಡಿಯದಂತೆ ಕಾಯುತ್ತದೆ. ಬಿರುಕಿನಿಂದ ನೀರು, ಗಾಳಿ ಒಳಗೆ ಹೋಗುತ್ತಾ ಹೋದಂತೆ ಆ ಕ್ಷಾರ ಸತ್ತು, ಪೊರೆ ಹರಿದು, ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಜಾಗ ಎಲ್ಲಿದೆ? ಕಾಂಕ್ರೀಟನ್ನೇ ಒಳಗಿನಿಂದ ಒಡೆಯುತ್ತದೆ. ಒಡೆದ ಸಂದಿಯಲ್ಲಿ ಇನ್ನಷ್ಟು ನೀರು. ಹಳೇ ಮನೆಗಳಲ್ಲಿ ಗಾರೆಯ ಚಕ್ಕೆ ಉದುರಿ ಕೆಂಪಾದ ಸರಳು ಕಾಣುವುದು ಈ ಹಂತ. ಅಲ್ಲಿಗೆ ಬಂದರೆ ಅದು ವಾಟರ್‌ಪ್ರೂಫಿಂಗ್ ರೇಟಿನ ಕೆಲಸವಲ್ಲ, ಸರಳು ಉಜ್ಜಿ, ಹೊಸದು ಸೇರಿಸಿ, ಮತ್ತೆ ಕಾಂಕ್ರೀಟು ತುಂಬುವ ಕೆಲಸ. ಬಿಸ್ಕತ್ತಿನ ಬೆಲೆ ಏರಿದರೆ ಮೆಲ್ಲಗೆ ಏರುತ್ತದೆ. ಸೋರುವ ತಾರಸಿಯ ಬೆಲೆ ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ.

ಮುಂದಿನ ಫೆಬ್ರುವರಿಯಲ್ಲಿ, ತಾರಸಿ ಪೂರ್ತಿ ಒಣಗಿದ್ದಾಗ, ಮೂವರನ್ನು ಕರೆಸಿದೆವು. ಒಬ್ಬರು ಚದರಡಿಗೆ 38 ರೂಪಾಯಿ, ಒಟ್ಟು 34,200. ಇನ್ನೊಬ್ಬರು 65, ಒಟ್ಟು 58,500. ಮೂರನೆಯವರು ಅದೆಲ್ಲ ಬೇಡವೇ ಬೇಡ, ಕಬ್ಬಿಣದ ಟ್ರಸ್ ನಿಲ್ಲಿಸಿ ಮೇಲೆ ಶೀಟು ಹೊದೆಸಿಬಿಡಿ ಎಂದರು. ಚದರಡಿಗೆ 250, ಒಟ್ಟು 2,25,000. ಮಲೆನಾಡಿನಲ್ಲಿ ಈಗ ಇದೇ ಫ್ಯಾಷನ್. ಮೋಲ್ಡ್ ಮನೆಯ ತಲೆಗೆ ಶೀಟಿನ ಟೋಪಿ ಹಾಕಿ, ಅದರಡಿ ಅಡಿಕೆ ಒಣಗಿಸಿ, ಮದುವೆ ಊಟ ಹಾಕುತ್ತಾರೆ.

34ಕ್ಕೂ 58ಕ್ಕೂ ನಡುವೆ ಯಾವುದು ಅಗ್ಗ? ಹಾಲಿನ ಪೊಟ್ಟಣದ ಹಾಗೆಯೇ, ಒಳಗೆ ಏನಿದೆ ಎಂದು ಬಿಡಿಸದೆ ಹೇಳಲಾಗದು. ಒಂದು ಹಾಳೆಯಲ್ಲಿ ಬರೆಸಿಕೊಂಡೆವು. ಮೊದಲನೆಯದರಲ್ಲಿ ಹಳೇ ಪದರ ಉಜ್ಜುವುದು, ಎರಡು ಕೋಟು ಬಳಿಯುವುದು, ಅಷ್ಟೇ. ಎರಡನೆಯದರಲ್ಲಿ ಬಿರುಕು ಕೊರೆದು ತುಂಬುವುದು, ಪ್ಯಾರಾಪೆಟ್ ಮೂಲೆಗೆ ಗುಂಡಗೆ ಗಾರೆ ಕಟ್ಟುವುದು, ವಾಟ ಸರಿಮಾಡುವ ಹೊಸ ಗಾರೆ, ಕೊನೆಗೆ ಎರಡು ದಿನ ನೀರು ಕಟ್ಟಿ ಪರೀಕ್ಷೆ. ಕೆಮಿಕಲ್ಲಿನ ಹೆಸರು, ಎಷ್ಟು ಬಕೆಟ್, ಬಕೆಟ್‌ಗಳ ಸೀಲು ನಮ್ಮ ಎದುರೇ ಒಡೆಯಬೇಕು ಎಂಬುದನ್ನು ಹೆಂಡತಿ ತನ್ನ ಕೈಯಾರೆ ಸೇರಿಸಿದಳು. ಆ ಎರಡನೇ ಮೇಸ್ತ್ರಿ ನಕ್ಕರು, ಸಹಿ ಹಾಕಿದರು.

ಆಮೇಲೆ ವರ್ಷದ ಲೆಕ್ಕ. ಮೊದಲನೆಯವರು ಬಾಯಲ್ಲಿ ಐದು ವರ್ಷ ಗ್ಯಾರಂಟಿ ಅಂದರು. ಐದೂ ಬಾಳಿದರೆ ವರ್ಷಕ್ಕೆ 6,840, ಮೂರೇ ಬಾಳಿದರೆ 11,400. ಎರಡನೆಯದು ಎಂಟು ವರ್ಷ ಬಂದರೆ ವರ್ಷಕ್ಕೆ ಸುಮಾರು 7,300. ಶೀಟು ಇಪ್ಪತ್ತು ವರ್ಷ ಅಂದುಕೊಂಡರೂ ವರ್ಷಕ್ಕೆ 11,250; ಮೇಲಾಗಿ ಅಷ್ಟು ದುಡ್ಡನ್ನು ಶೇ 7ರಂತೆ ಬ್ಯಾಂಕಿನಲ್ಲಿಟ್ಟರೆ ಮೊದಲ ವರ್ಷವೇ 15,750 ಬಡ್ಡಿ. ನಮ್ಮಲ್ಲಿ ಒಣಗಿಸಲು ಅಡಿಕೆ ಇಲ್ಲ. ಇದ್ದಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು. ಎರಡನೆಯವರನ್ನೇ ಒಪ್ಪಿದೆವು.

ಆ ದುಡ್ಡು ಹೊಂದಿಸುವುದರಲ್ಲೂ ಇದೇ ಆಟ. ಒಬ್ಬ ಫೈನಾನ್ಸಿನವನು ಅರವತ್ತು ಸಾವಿರ ಕೊಡುತ್ತೇನೆ, ಎರಡು ವರ್ಷ, "ಬರೀ ಹತ್ತು ಪರ್ಸೆಂಟು, ಫ್ಲಾಟ್" ಅಂದ. ಬಡ್ಡಿ 12,000, ತಿಂಗಳಿಗೆ 3,000 ಕಂತು. ಆದರೆ ಪ್ರತಿ ತಿಂಗಳೂ ಅಸಲು ತೀರುತ್ತಿರುತ್ತದೆ, ಬಡ್ಡಿ ಮಾತ್ರ ಪೂರ್ತಿ ಅರವತ್ತು ಸಾವಿರಕ್ಕೇ ಬೀಳುತ್ತಿರುತ್ತದೆ. ಬಾಕಿ ಇರುವ ಅಸಲಿಗಷ್ಟೇ ಬಡ್ಡಿ ಹಾಕುವ ಬ್ಯಾಂಕಿನ ಲೆಕ್ಕಕ್ಕೆ ತಿರುಗಿಸಿದರೆ ಅದು ಶೇ 18ರ ಸಾಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ನೋಂದಾಯಿತ ಹಣಕಾಸು ಕಂಪನಿಗಳೂ ಇಂಥ ಹೊಸ ಸಾಲಗಳಿಗೆ ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರ ನಮೂದಿಸಿದ ಒಂದು ಹಾಳೆ ಕೊಡಬೇಕು. ಬಿಸ್ಕತ್ತಿನ ಮೇಲಿನ ಗ್ರಾಮಿನ ದರ ಇದ್ದಂತೆ ಅದು. ಫ್ಲಾಟ್ ಎಂಬ ಮಾತು ಕಿವಿಗೆ ಬಿದ್ದರೆ ಆ ಹಾಳೆ ಕೇಳಿ. ನಾವು ಕೊನೆಗೆ ಆರ್.ಡಿ. ಮುರಿದೆವು.

ಬಿಲ್ಲಿನ ವಿಷಯ ಬಂದಾಗ ಎರಡನೇ ಮೇಸ್ತ್ರಿಯೂ ರಾಗ ಎಳೆದರು: "ಬಿಲ್ ಬೇಕಂದ್ರೆ ಹದಿನೆಂಟು ಪರ್ಸೆಂಟ್ ಜಾಸ್ತಿ ಆಗ್ತದೆ ಸಾರ್." ಈ ಮಾತಿಗೆ ಹೆದರಿ ಬಿಲ್ಲೇ ಬೇಡ ಎನ್ನುವವರು ಬಹಳ. ವಿಷಯ ಹೀಗಿದೆ. ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಬೇಕಿಲ್ಲ, ನೋಂದಣಿ ಇಲ್ಲದವರು ಜಿ.ಎಸ್.ಟಿ. ವಸೂಲಿ ಮಾಡುವಂತೆಯೂ ಇಲ್ಲ. ನೋಂದಣಿ ಇದ್ದರೆ ಹದಿನೈದು ಅಕ್ಷರಾಂಕಿಯ ಸಂಖ್ಯೆ ಇರುತ್ತದೆ, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಆ ಸಂಖ್ಯೆ ಇಲ್ಲದೆ ಹದಿನೆಂಟು ಕೇಳಿದರೆ ಅದು ತೆರಿಗೆಯಲ್ಲ. ಜಿ.ಎಸ್.ಟಿ. ಇಲ್ಲದೆಯೂ ಬಿಲ್ ಕೊಡಬಹುದು: ಇಂಥ ಕೆಲಸಕ್ಕೆ ಇಷ್ಟು ಹಣ, ಇಷ್ಟು ವರ್ಷ ಗ್ಯಾರಂಟಿ, ತಾರೀಖು, ಸಹಿ. ನಮಗೆ ಬೇಕಾದದ್ದು ಅದೇ. ನಮ್ಮ ಮೇಸ್ತ್ರಿಯ ಬಳಿ ನೋಂದಣಿ ಇರಲಿಲ್ಲ. ಹದಿನೆಂಟು ಪರ್ಸೆಂಟಿನ 10,530 ರೂಪಾಯಿ ಅಲ್ಲಿಗೇ ಉಳಿಯಿತು, ಸಹಿ ಮಾಡಿದ ಹಾಳೆಯೂ ಸಿಕ್ಕಿತು. ಹಣ ಮೂರು ಕಂತಿನಲ್ಲಿ, ಕೊನೆಯ ಕಂತು ನೀರು ಕಟ್ಟಿದ ಮೇಲೆ.

ಆ ಹಾಳೆಯ ತೂಕ ಮೊದಲ ಮೇಸ್ತ್ರಿಯ ವಿಷಯದಲ್ಲಿ ಗೊತ್ತಾಗಿತ್ತು. ದುಡ್ಡು ಕೊಟ್ಟು ಮಾಡಿಸಿದ ರಿಪೇರಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವೆಯೇ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಬಹುದು. ನಾನು ಮಾಡಿದೆ. ಒಪ್ಪಂದ ಏನಿತ್ತು, ಬಿಲ್ ಇದೆಯಾ ಎಂದು ಕೇಳಿದರು. ನನ್ನ ಹತ್ತಿರ ಇದ್ದದ್ದು ಹದಿನೈದು ಸಾವಿರ ಫೋನ್‌ಪೇ ಮಾಡಿದ ಒಂದು ಸ್ಕ್ರೀನ್‌ಶಾಟು. ಉಳಿದ ಮೂವತ್ತು ಸಾವಿರವನ್ನು ಕೈಯಲ್ಲೇ ಎಣಿಸಿ ಕೊಟ್ಟಿದ್ದೆ.

ಎರಡನೇ ಸಲದ ಕೆಲಸ ಒಂಬತ್ತು ದಿನ ಹಿಡಿಯಿತು. ಬಕೆಟ್ ಒಡೆಯುವಾಗ ಹೆಂಡತಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ತಾರಸಿಯಲ್ಲೇ ಕೂತಿದ್ದಳು, ಮಡಿಲಲ್ಲಿ ಬೆಳ್ಳುಳ್ಳಿ ಸುಲಿಯುವ ತಟ್ಟೆ. ಎರಡು ಬಕೆಟ್ ಮುಗಿದು ಮೂರನೆಯದರಲ್ಲಿ ಕಾಲು ಭಾಗ ಖರ್ಚಾಯಿತು. ಉಳಿದದ್ದನ್ನು ಮೇಸ್ತ್ರಿ ಮುಚ್ಚಳ ಬಿಗಿದು ನಮಗೇ ಕೊಟ್ಟರು, ಅಟ್ಟದ ಮೇಲಿದೆ.

ನಡುಮನೆಯ ಕಲೆಗೆ ಇನ್ನೂ ಬಣ್ಣ ಬಳಿಸಿಲ್ಲ. ಸುತ್ತ ಪೆನ್ಸಿಲ್ ಗೆರೆ, ಪಕ್ಕದಲ್ಲಿ ಅವಳ ಅಕ್ಷರದಲ್ಲಿ ತಾರೀಖು. ಕಳೆದ ಮಳೆಗಾಲ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಲ್ಲ ಸುರಿದು ಹೋದವು, ಕಲೆ ಗೆರೆ ದಾಟಲಿಲ್ಲ. ಮನೆಗೆ ಬಂದವರು ತಲೆಯೆತ್ತಿ ನೋಡುತ್ತಾರೆ, ಪೇಂಟ್ ಮಾಡಿಸಿಬಿಡಬಾರದಾ ಅನ್ನುತ್ತಾರೆ. "ಇನ್ನೊಂದು ಮಳೆಗಾಲ ಆಗಲಿ," ಅನ್ನುತ್ತಾಳೆ ಅವಳು.